ಅಮೆರಿಕದ ನಾಲ್ಕು ರಾಜ್ಯಗಳಲ್ಲಿ ಆಫೀಸು, ಪಿಬಿಎಕ್ಸ್ ಒಂದೇ: 911ಕ್ಕೆ ಯಾವ ಕಾನೂನು ಹಿಡಿಯಬೇಕು?

ರೂಟ್‌ಪ್ಯಾಟರ್ನ್ ಕೇಳಿದ್ದು:

ಬೆಂಗಳೂರಿನಿಂದ ನಿರ್ವಹಣೆಯಾಗುವ ಒಂದು ಪಿಬಿಎಕ್ಸ್ (ಕಂಪನಿಯ ಒಳಗಿನ ಫೋನ್ ಎಕ್ಸ್‌ಚೇಂಜ್) ಮತ್ತು ಅಲ್ಲಿಂದ ಅಮೆರಿಕದ ತುರ್ತು ನಂಬರ್ 911ಕ್ಕೆ ಹೋಗುವ ಕರೆಗಳ ಬಗ್ಗೆ ಸಲಹೆ ಬೇಕು. ಗ್ರಾಹಕ ಕಂಪನಿಗೆ ಇಲಿನಾಯ್, ಟೆಕ್ಸಸ್, ಫ್ಲಾರಿಡಾ, ಮಿನೆಸೋಟಗಳಲ್ಲಿ ಆಫೀಸುಗಳಿವೆ. ಸಿಸ್ಕೋ ಕಾಲ್ ಮ್ಯಾನೇಜರ್ ಕ್ಲಸ್ಟರ್ (ಪಿಬಿಎಕ್ಸ್ ಕೆಲಸ ಮಾಡುವ ಸರ್ವರ್‌ಗಳು) 2017ರಲ್ಲಿ ಡಾಲಸ್‌ನ ಡೇಟಾ ಸೆಂಟರಿನಲ್ಲಿ ಹಾಕಿದ್ದು. ನಾಲ್ಕೂ ಕಡೆಯ ಹೊರಗಿನ ಕರೆಗಳು ಅಲ್ಲಿನ ಒಂದೇ ಎಸ್‌ಐಪಿ ಟ್ರಂಕ್‌ನಿಂದ (ಫೋನ್ ಕಂಪನಿಗೆ ಐಪಿ ಮೂಲಕ ಜೋಡಿಸುವ ಲೈನ್) ಹೋಗುತ್ತವೆ. ಎಕ್ಸ್‌ಟೆನ್ಷನ್ 4 ಅಂಕಿ, ಹೊರಗಿನ ಲೈನಿಗೆ ಮೊದಲು 9 ಒತ್ತಬೇಕು. ಅರ್ಧ ಜನ ಆಗಲೇ ಮೈಕ್ರೋಸಾಫ್ಟ್ ಟೀಮ್ಸ್‌ನ ಫೋನಿಗೆ ಹೋಗಿದ್ದಾರೆ, ಅವರಲ್ಲಿ ಹಲವರು ಮನೆಯಿಂದ ಕೆಲಸ ಮಾಡುವವರು.

ಇಲಿನಾಯ್ ಕಟ್ಟಡ ಮೂರು ಮಹಡಿ, ಕೆಲಸದ ಜಾಗ ಸುಮಾರು 1,05,000 ಚದರ ಅಡಿ. ಮಿನೆಸೋಟದ್ದು ಒಂದೇ ಮಹಡಿ, 18,000 ಚದರ ಅಡಿ. ಗ್ರಾಹಕರ ಕಡೆಯವರು “2020ಕ್ಕೆ ಮೊದಲಿನ ಸಿಸ್ಟಮ್, ಕರೀಸ್ ಲಾ ನಮಗೆ ತಾಗುವುದಿಲ್ಲ” ಅನ್ನುತ್ತಾರೆ (ಮುಂದೆ ಯಾವ ಅಂಕಿಯೂ ಇಲ್ಲದೆ ನೇರ 911 ಡಯಲ್ ಆಗಬೇಕು ಅನ್ನುವ ಕೇಂದ್ರ ಕಾಯ್ದೆ ಅದು). ಈ ಮಾತು ನಿಲ್ಲುತ್ತದೆಯೇ? ರಾಜ್ಯದ ಕಾನೂನುಗಳನ್ನು ಬೇರೆಯಾಗಿ ನೋಡಬೇಕೇ? ಡಯಲ್ ಪ್ಲಾನ್‌ನಲ್ಲಿ (ಯಾವ ಅಂಕಿ ಒತ್ತಿದರೆ ಕರೆ ಎಲ್ಲಿಗೆ ಅನ್ನುವ ನಿಯಮಗಳು) ಮೊದಲು ಏನು ಸರಿಮಾಡಬೇಕು?

---

ತಂತಿಮಾರ್ಗ ಉತ್ತರ:

ಗ್ರಾಹಕರ ಮಾತು ಅರ್ಧ ಸರಿ, ಆ ಅರ್ಧವನ್ನು ನಂಬಿಕೊಂಡು ಕೂರುವ ಹಾಗಿಲ್ಲ. ಕೇಂದ್ರದ ಕರೀಸ್ ಲಾ 2020ರ ಫೆಬ್ರವರಿ 16ರ ನಂತರ ತಯಾರಾದ, ಮೊದಲ ಬಾರಿಗೆ ಮಾರಿದ ಅಥವಾ ಅಳವಡಿಸಿದ ಸಿಸ್ಟಮ್‌ಗಳಿಗೆ ಅನ್ವಯ. 2017ರ ಕ್ಲಸ್ಟರ್ ಆ ದಿನಾಂಕದ ಹಿಂದಿನದು, ನಿಜ. ಆದರೆ ಅರ್ಧ ಜನ ಹೋಗಿರುವ ಟೀಮ್ಸ್ ಹಿಂದಿನದಲ್ಲವಲ್ಲ. ಅಲ್ಲಿಗೆ ಪೂರ್ತಿ ಕೇಂದ್ರ ನಿಯಮ ಬಂತು. ಜೊತೆಗೆ ಅದೇ ಕಾಯ್ದೆಯಲ್ಲೇ ಬರೆದಿದೆ: ತನಗೆ ವಿರುದ್ಧವಾಗದ ಮಟ್ಟಿಗೆ ರಾಜ್ಯ, ಸ್ಥಳೀಯ ಸಂಸ್ಥೆಗಳ ಅಧಿಕಾರವನ್ನು ಅದು ಮುಟ್ಟುವುದಿಲ್ಲ. ಅಂದರೆ ಹಳೆ ಸಿಸ್ಟಮ್‌ಗೆ ಕೇಂದ್ರ ಕೊಟ್ಟ ವಿನಾಯಿತಿ ರಾಜ್ಯದ ಕಾನೂನಿಗೆ ಲೆಕ್ಕಕ್ಕಿಲ್ಲ.

ನಿಮ್ಮ ನಾಲ್ಕು ರಾಜ್ಯಗಳನ್ನು ನೋಡಿ.

ಟೆಕ್ಸಸ್: ಈ ಕಾನೂನಿನ ಕಥೆ ಶುರುವಾದದ್ದೇ ಅಲ್ಲಿ. 2013ರ ಡಿಸೆಂಬರ್‌ನಲ್ಲಿ ಮಾರ್ಷಲ್ ಎಂಬ ಊರಿನ ಹೋಟೆಲ್ ಕೋಣೆಯಲ್ಲಿ ಕರಿ ಹಂಟ್ ಅವರ ಕೊಲೆಯಾಯಿತು. 9 ವರ್ಷದ ಮಗಳು ನಾಲ್ಕು ಸಲ 911 ಒತ್ತಿದರೂ ಕರೆ ಹೋಗಲಿಲ್ಲ, ಮೊದಲು ಇನ್ನೊಂದು 9 ಒತ್ತಬೇಕಿತ್ತು. ರಾಜ್ಯದ ಕಾಯ್ದೆ 2015ರಲ್ಲಿ ಬಂತು, 2016ರ ಸೆಪ್ಟೆಂಬರ್ 1ರೊಳಗೆ ನೇರ 911 ಡಯಲಿಂಗ್ ಇರಲೇಬೇಕು ಎಂದಿತು. ನಿಮ್ಮ ಕ್ಲಸ್ಟರ್ ಹಾಕಿದ್ದು ಅದರ ಮುಂದಿನ ವರ್ಷ. ಟೆಕ್ಸಸ್ ಆಫೀಸಿನಲ್ಲಿ ಇವತ್ತಿಗೂ 9-911 ಮಾತ್ರ ಕೆಲಸ ಮಾಡುತ್ತಿದ್ದರೆ ಹಾಕಿದ ದಿನದಿಂದಲೇ ಉಲ್ಲಂಘನೆ.

ಇಲಿನಾಯ್: ಎರಡು ಬೇರೆ ಬೇರೆ ಕಲಮುಗಳಿವೆ. ಒಂದು, ಮುಂದೆ ಯಾವ ಅಂಕಿಯೂ ಇಲ್ಲದೆ 911 ಸೇರಬೇಕು ಅನ್ನುವುದು. ಇನ್ನೊಂದು ಜಾಗದ ಲೆಕ್ಕ. ಸ್ವಂತ ಬೀದಿ ವಿಳಾಸವಿರುವ, 40,000 ಚದರ ಅಡಿಯವರೆಗಿನ ಕಟ್ಟಡಕ್ಕೆ ಆ ವಿಳಾಸ ಹೋದರೆ ಸಾಕು. ಅದಕ್ಕಿಂತ ದೊಡ್ಡದಾದರೆ ವಿಳಾಸದ ಜೊತೆಗೆ ಪ್ರತಿ 40,000 ಚದರ ಅಡಿಗೆ ಒಂದು ಪ್ರತ್ಯೇಕ ಸ್ಥಳಗುರುತು. ನಿಮ್ಮ 1,05,000ಕ್ಕೆ ಮೂರು ಬೇಕು. ಮೂರು ಮಹಡಿ ಇರುವುದರಿಂದ ಮಹಡಿಗೊಂದು ಅಂತ ಸಹಜವಾಗಿ ಕೂರುತ್ತದೆ. ಗೋಡೆಯ ದಪ್ಪ, ಶಾಫ್ಟ್, ಎಸಿ ಮತ್ತು ವಿದ್ಯುತ್ ಉಪಕರಣಗಳ ಕೋಣೆ ಈ ಅಳತೆಗೆ ಸೇರುವುದಿಲ್ಲ, ಹಾಗಾಗಿ ಬಾಡಿಗೆ ಕರಾರಿನ ಚದರ ಅಡಿಯನ್ನು ಹಾಗೇ ಎತ್ತಿ ಹಾಕಬೇಡಿ. ತಪ್ಪಿದರೆ 1,000ದಿಂದ 5,000 ಡಾಲರ್ ದಂಡ.

ಫ್ಲಾರಿಡಾ: 2004ರ ಜನವರಿ 1ರ ನಂತರ ಹಾಕಿದ ಪಿಬಿಎಕ್ಸ್ ಪ್ರತಿ ಫೋನಿನ ಮಟ್ಟದ ಸ್ಥಳಮಾಹಿತಿ ಕೊಡುವ ಸಾಮರ್ಥ್ಯ ಹೊಂದಿರಬೇಕು. ನಾಲ್ಕರಲ್ಲಿ ಕಟ್ಟುನಿಟ್ಟಾಗಿ ಓದಬೇಕಾದದ್ದು ಇದೇ, ಚದರ ಅಡಿಯ ಆಸರೆ ಇಲ್ಲಿಲ್ಲ.

ಮಿನೆಸೋಟ: 2004ರ ಡಿಸೆಂಬರ್ 31ರ ನಂತರ ಕೊಂಡ ಸಿಸ್ಟಮ್‌ಗೆ ವಾಪಸ್ ಕರೆಯುವ ನಂಬರು ಮತ್ತು ತುರ್ತು ಸ್ಥಳ ಎರಡೂ ಹೋಗಬೇಕು. ಒಂದೇ ಮಹಡಿ, 40,000ಕ್ಕಿಂತ ಕಡಿಮೆ ಆದ್ದರಿಂದ ನಿಮ್ಮ 18,000ಕ್ಕೆ ಒಂದೇ ಸ್ಥಳಗುರುತು ಸಾಕು.

ಇನ್ನು ಕೇಂದ್ರದ ರೇ ಬಾಮ್ಸ್ ಆಕ್ಟ್‌ನ 506ನೇ ಸೆಕ್ಷನ್. ಇದು 911 ಒತ್ತುವುದರ ಬಗ್ಗೆ ಅಲ್ಲ, ಆಂಬುಲೆನ್ಸ್ ಎಲ್ಲಿಗೆ ಬರಬೇಕು ಅನ್ನುವುದರ ಬಗ್ಗೆ. ಪರಿಶೀಲಿಸಿದ ಬೀದಿ ವಿಳಾಸ, ಅದರ ಜೊತೆಗೆ ಸೂಟ್, ಮಹಡಿ, ಕೋಣೆಯಂತಹ ವಿವರ. ಮೇಜಿಗೆ ಕಟ್ಟಿಹಾಕಿದ ಫೋನುಗಳಿಗೆ 2021ರ ಜನವರಿ 6, ಆಫೀಸಿನೊಳಗೆ ಓಡಾಡುವ ಮತ್ತು ಹೊರಗಿನ ಸಾಧನಗಳಿಗೆ 2022ರ ಜನವರಿ 6 ಗಡುವು. ಈ ಮಟ್ಟಕ್ಕೆ ಕಟ್ಟಿದರೆ ಇಲಿನಾಯ್, ಮಿನೆಸೋಟಗಳ ಚದರ ಅಡಿ ಲೆಕ್ಕ ತಾನಾಗಿಯೇ ಮುಗಿಯುತ್ತದೆ. ಅದಕ್ಕೇ ನಾಲ್ಕು ರಾಜ್ಯಕ್ಕೆ ನಾಲ್ಕು ವಿನ್ಯಾಸ ಮಾಡುವುದಕ್ಕಿಂತ ಎಲ್ಲ ಕಡೆಯೂ ಮಹಡಿ ಮತ್ತು ಮೂಲೆಯ ಮಟ್ಟಕ್ಕೆ ಒಂದೇ ವಿನ್ಯಾಸ, ಫ್ಲಾರಿಡಾಕ್ಕೆ ಮಾತ್ರ ಫೋನಿನ ಮಟ್ಟದವರೆಗೆ ಅಂತ ಮಾಡಿ.

ಹೊಣೆಯ ವಿಷಯ ಗ್ರಾಹಕರಿಗೆ ಲಿಖಿತವಾಗಿ ಹೇಳಿಬಿಡಿ. ಕೇಂದ್ರದ ನಿಯಮದಲ್ಲಿ ಸಿಸ್ಟಮ್ ಕೊಂಡು ಜಾರಿಗೆ ತಂದ ಕಂಪನಿಯೇ “ಮ್ಯಾನೇಜರ್”. ದಿನನಿತ್ಯ ನಡೆಸುವವರು “ಆಪರೇಟರ್”, ಕಾನ್ಫಿಗರ್ ಮಾಡಿದವರು “ಇನ್‌ಸ್ಟಾಲರ್”. ಲೋಪವಾದರೆ ಹೊಣೆ ಮೊದಲು ಮ್ಯಾನೇಜರ್ ಮೇಲೆಯೇ ಅಂತ ಭಾವಿಸಲಾಗುತ್ತದೆ. ತನ್ನ ಕರ್ತವ್ಯ ಮಾಡಿದ್ದೇನೆಂದು ತೋರಿಸಿ ಅದನ್ನು ಆತ ಅಲ್ಲಗಳೆಯಬೇಕು. ನಿಮ್ಮ ತಂಡ ಆಪರೇಟರ್, ಬಹುಶಃ ಟೀಮ್ಸ್‌ಗೆ ಇನ್‌ಸ್ಟಾಲರ್ ಕೂಡ. ಬೆಂಗಳೂರಿನಲ್ಲಿ ಕೂತಿದ್ದೀರಿ ಅಂತ ಪೂರ್ತಿ ಪಾರಾದಿರಿ ಅಂದುಕೊಳ್ಳಬೇಡಿ, ಕರಾರಿನಲ್ಲಿ ಯಾವ ಕೆಲಸ ಯಾರದು ಅಂತ ಬರೆಸಿಕೊಳ್ಳಿ.

---

ಡಯಲ್‌ಟೋನ್ ಉತ್ತರ:

ಕಾನೂನಿನ ಭಾಗ ಮೇಲಿನವರು ಹೇಳಿದ್ದಾರೆ. ಡಯಲ್ ಪ್ಲಾನ್‌ಗೆ ಬರುತ್ತೇನೆ.

ರೂಟ್ ಪ್ಯಾಟರ್ನ್ (ಒತ್ತಿದ ಅಂಕಿಗೆ ಹೊಂದಿಸಿ ಕರೆ ಕಳಿಸುವ ಮಾದರಿ) ಎರಡೂ ಬೇಕು: 911 ಮತ್ತು 9.911. ಹಳೆ ಅಭ್ಯಾಸದವರು ಗಾಬರಿಯಲ್ಲಿ 9 ಒತ್ತಿಯೇ ಒತ್ತುತ್ತಾರೆ, ಅವರ ಕರೆ ಬೀಳಬಾರದು. ಎರಡಕ್ಕೂ ಅರ್ಜೆಂಟ್ ಪ್ರಯಾರಿಟಿ (ಇನ್ನಷ್ಟು ಅಂಕಿಗೆ ಕಾಯದೆ ಕರೆ ಕಳಿಸುವ ಆಯ್ಕೆ) ಟಿಕ್ ಮಾಡಿ. ಎಲ್ಲೋ 9.! ಅಥವಾ ಬರೀ ಎಕ್ಸ್‌ಗಳಿಂದ ತುಂಬಿದ ಸಡಿಲ ಪ್ಯಾಟರ್ನ್ ಇದ್ದರೆ, 911 ಒತ್ತಿದ ಮೇಲೆ ಕಾಲ್ ಮ್ಯಾನೇಜರ್ ಇನ್ನಷ್ಟು ಅಂಕಿ ಬರಬಹುದೆಂದು ಕಾಯುತ್ತದೆ. ಹೀಗೆ ಕಾಯಿಸುವ ಟಿ302 ಟೈಮರ್‌ನ ಡೀಫಾಲ್ಟ್ 15 ಸೆಕೆಂಡು. ಅಷ್ಟು ಹೊತ್ತು ನಿಶ್ಶಬ್ದ ಕೇಳಿದರೆ ಯಾರಾದರೂ ಫೋನ್ ಇಟ್ಟುಬಿಡುತ್ತಾರೆ.

ಅರ್ಜೆಂಟ್ ಹಾಕಿದ ಕೂಡಲೇ ಎರಡು ತೊಂದರೆ ಮೇಲೆ ಬರುತ್ತವೆ.

ಒಂದು, 9110ರಿಂದ 9119ರವರೆಗಿನ ಎಕ್ಸ್‌ಟೆನ್ಷನ್‌ಗಳು. ನಿಮ್ಮದು 4 ಅಂಕಿ ಅಂದಿರಿ. ಆ ಹತ್ತರಲ್ಲಿ ಯಾವುದಾದರೂ ಬಳಕೆಯಲ್ಲಿದ್ದರೆ ಅದಕ್ಕೆ ಕರೆ ಮಾಡಿದವರೆಲ್ಲ ಪೊಲೀಸರಿಗೆ ಹೋಗುತ್ತಾರೆ. ಪ್ಯಾಟರ್ನ್ ಹಾಕುವ ಮೊದಲು ಆ ಸಾಲು ಖಾಲಿ ಮಾಡಿ.

ಎರಡು, ತಪ್ಪು ಡಯಲಿಂಗ್. ಹೊರಗಿನ ಲೈನಿಗೆ 9, ದೂರದ ಕರೆಗೆ 1, ಆಮೇಲೆ ಬೆರಳು ತಡವರಿಸಿ ಇನ್ನೊಂದು 1. ಅಲ್ಲಿಗೆ 911 ಹೋಯಿತು. ಜನ ಹೆದರಿ ಕಟ್ ಮಾಡುತ್ತಾರೆ, 911 ಕೇಂದ್ರದವರು ವಾಪಸ್ ಕರೆಯುತ್ತಾರೆ, ಯಾರೂ ಎತ್ತದಿದ್ದರೆ ಗಸ್ತಿನ ಕಾರು ಬರುತ್ತದೆ. ಇದಕ್ಕೆ ಮದ್ದು 911 ಪ್ಯಾಟರ್ನ್ ತೆಗೆಯುವುದಲ್ಲ (ತೆಗೆದವರೂ ಇದ್ದಾರೆ, ಅದು ನೇರ ಕಾನೂನುಭಂಗ). ಹೊರಗಿನ ಅಂಕಿಯನ್ನು 9ರಿಂದ 8ಕ್ಕೆ ಬದಲಿಸಿ, ಇಲ್ಲವೇ ಆ ಅಂಕಿಯನ್ನೇ ಕಿತ್ತುಹಾಕಿ. ಸಿಬ್ಬಂದಿಗೆ ಒಂದೇ ಮಾತು: ತಪ್ಪಿ ಹೋದರೆ ಫೋನ್ ಇಡಬೇಡಿ, “ತಪ್ಪಾಗಿ ಒತ್ತಿದೆ, ತುರ್ತು ಇಲ್ಲ” ಅಂತ ಹೇಳಿ.

ಕಾಲಿಂಗ್ ಸರ್ಚ್ ಸ್ಪೇಸ್ (ಒಂದು ಫೋನಿಂದ ಎಲ್ಲೆಲ್ಲಿಗೆ ಕರೆ ಹೋಗಬಹುದು ಅನ್ನುವ ಪಟ್ಟಿ): 911 ಪ್ಯಾಟರ್ನ್ ಇರುವ ಗುಂಪು, ಅಂದರೆ ಪಾರ್ಟಿಷನ್, ಎಲ್ಲ ಫೋನಿನಲ್ಲೂ ಇರಬೇಕು. ರಿಸೆಪ್ಷನ್, ಕಾನ್ಫರೆನ್ಸ್ ಕೋಣೆ, ಲಿಫ್ಟ್ ಲಾಬಿ, ಗೋದಾಮಿನ ಗೋಡೆ ಫೋನು, ಎಕ್ಸ್‌ಟೆನ್ಷನ್ ಮೊಬಿಲಿಟಿಯಿಂದ (ಯಾವ ಮೇಜಿನ ಫೋನಿಗಾದರೂ ತಮ್ಮ ನಂಬರಿನಿಂದ ಲಾಗ್‌ಇನ್ ಆಗುವ ಸೌಲಭ್ಯ) ಲಾಗ್‌ಔಟ್ ಆಗಿರುವ ಫೋನು, ಯಾವುದೂ ಬಿಟ್ಟುಹೋಗಬಾರದು. ಕೊನೆಯದೇ ಹೆಚ್ಚಾಗಿ ಸಿಕ್ಕಿಬೀಳುತ್ತದೆ, ಏಕೆಂದರೆ ಒಳಗಿನ ಕರೆಗೆ ಮಾತ್ರ ಅಂತ ಅದಕ್ಕೆ ಬಿಗಿಯಾದ ಸರ್ಚ್ ಸ್ಪೇಸ್ ಕೊಟ್ಟಿರುತ್ತಾರೆ.

ಈಗ ನಿಮ್ಮ ಅತಿ ದೊಡ್ಡ ಅಪಾಯ: ಡಾಲಸ್‌ನ ಒಂದೇ ಟ್ರಂಕ್. ಕ್ಯಾರಿಯರ್ ನೋಡುವುದು ಕರೆ ಮಾಡಿದ ನಂಬರಿಗೆ ನೋಂದಾಯಿಸಿದ ವಿಳಾಸವನ್ನು. ಇಲಿನಾಯ್ ಫೋನು ಹೊರಹೋಗುವಾಗ ಡಾಲಸ್ ಮುಖ್ಯ ನಂಬರಿನ ಮುಖವಾಡ ಹಾಕಿಕೊಂಡರೆ ಕರೆ ಟೆಕ್ಸಸ್‌ನ ಪಿಎಸ್‌ಎಪಿಗೆ (911 ಕರೆ ಎತ್ತುವ ಕೇಂದ್ರ) ಇಳಿಯುತ್ತದೆ, ಇಲಿನಾಯ್ ಕಟ್ಟಡದ ಬಾಗಿಲಿಗೆ ಅಲ್ಲಿಂದ ಯಾರೂ ಬರಲಾರರು. ಒಂದೊಂದು ಸ್ಥಳಕ್ಕೂ ಇಲಿನ್ (ELIN, ತುರ್ತು ಕರೆಯ ಸ್ಥಳ ಗುರುತಿಸುವ) ನಂಬರುಗಳನ್ನು ಮೀಸಲಿಟ್ಟು, ಅವನ್ನು ಆಯಾ ಮಹಡಿಯ ವಿಳಾಸಕ್ಕೆ ಕ್ಯಾರಿಯರ್ ಹತ್ತಿರ ನೋಂದಾಯಿಸಿ. ಮಹಡಿಗೆ ಕನಿಷ್ಠ ಎರಡು ಇರಲಿ. ಒಂದೇ ಇದ್ದರೆ ಅದೇ ಮಹಡಿಯಿಂದ ಹಿಂದೆಯೇ ಎರಡನೆಯ 911 ಕರೆ ಹೋದಾಗ ವಾಪಸ್ ಬರುವ ಕರೆ ಯಾವ ಫೋನಿಗೆ ಅನ್ನುವುದು ಗೊಂದಲವಾಗುತ್ತದೆ.

ಸಿಸ್ಕೋ ಎಮರ್ಜೆನ್ಸಿ ರೆಸ್ಪಾಂಡರ್ ಈ ಕೆಲಸವನ್ನೇ ಮಾಡುತ್ತದೆ. ಸ್ವಿಚ್ ಪೋರ್ಟ್ ಅಥವಾ ಸಬ್‌ನೆಟ್ ನೋಡಿ ಫೋನ್ ಯಾವ ತುರ್ತು ಸ್ಥಳದಲ್ಲಿದೆ ಅಂತ ಗುರುತಿಸಿ, ಇಲಿನ್ ಅಂಟಿಸಿ, ಆ ಜೋಡಣೆಯನ್ನು ಡೀಫಾಲ್ಟ್ ಆಗಿ 3 ಗಂಟೆ ನೆನಪಿಟ್ಟು, ವಾಪಸ್ ಕರೆಯನ್ನು ಅದೇ ಮೇಜಿಗೆ ತಲುಪಿಸುತ್ತದೆ. ಸ್ವಿಚ್‌ನ ಎಸ್‌ಎನ್‌ಎಂಪಿ ಸ್ಟ್ರಿಂಗ್ (ಸ್ವಿಚ್‌ನ ಮಾಹಿತಿ ಓದಲು ಬೇಕಾದ ಗುಪ್ತಪದ) ಬದಲಾದದ್ದನ್ನು ನೆಟ್‌ವರ್ಕ್ ತಂಡ ತಿಳಿಸದಿದ್ದರೆ ಆ ಸ್ವಿಚ್‌ನ ಫೋನುಗಳೆಲ್ಲ “ಪತ್ತೆಯಾಗದ ಫೋನ್” ಪಟ್ಟಿಗೆ ಬಿದ್ದು ಡೀಫಾಲ್ಟ್ ಸ್ಥಳ ತೋರಿಸುತ್ತವೆ. ಆ ಪಟ್ಟಿಯನ್ನು ವಾರಕ್ಕೊಮ್ಮೆ ನೋಡುವ ಒಬ್ಬರು ಬೇಕು.

ವಾಪಸ್ ಕರೆ ರಾತ್ರಿ ಐವಿಆರ್‌ಗೆ (ಯಂತ್ರದ ಧ್ವನಿ ಮೆನು) ಹೋಗಿ “ಇಂಗ್ಲಿಷ್‌ಗೆ 1 ಒತ್ತಿ” ಅಂತ ಹೇಳಿದರೆ ಮಾಡಿದ್ದೆಲ್ಲ ದಂಡ. ಡೂ ನಾಟ್ ಡಿಸ್ಟರ್ಬ್, ಕಾಲ್ ಫಾರ್ವರ್ಡ್, ವಾಯ್ಸ್‌ಮೇಲ್ ದಾರಿಗಳನ್ನೂ ಪರೀಕ್ಷಿಸಿ.

---

ಮಹಡಿಮೂಲೆ ಉತ್ತರ:

ವಿಳಾಸದ ದಾಖಲೆ ಬಗ್ಗೆ ನಾಲ್ಕು ಮಾತು, ಏಕೆಂದರೆ ತಿರಸ್ಕೃತ ದಾಖಲೆಗಳಲ್ಲೇ ಕೆಲಸ ಸಿಕ್ಕಿಕೊಳ್ಳುತ್ತದೆ.

911ರ ಬೀದಿ ಪಟ್ಟಿ ಅಂಚೆ ಇಲಾಖೆಯ ಪಟ್ಟಿಯಲ್ಲ. ಅಂಚೆ ವಿಳಾಸದಲ್ಲಿ ಬರೆಯುವ ಊರಿನ ಹೆಸರು ಒಂದು, 911 ಪಟ್ಟಿಯಲ್ಲಿ ಆ ಬೀದಿ ಸೇರಿರುವ ಸಮುದಾಯದ ಹೆಸರು ಇನ್ನೊಂದು ಇರಬಹುದು. ನಗರದಂಚಿನ ಆಫೀಸ್ ಪಾರ್ಕ್‌ಗಳಲ್ಲಿ ಇದು ಸಾಮಾನ್ಯ. ಬೀದಿಯ ಮುಂದಿನ ನಾರ್ತ್, ಸೌತ್ ದಿಕ್ಕು ಪ್ರತ್ಯೇಕ ಕಾಲಮ್ಮಿಗೆ ಹೋಗಬೇಕು. ಸೂಟ್ ನಂಬರನ್ನು ಬೀದಿ ಹೆಸರಿಗೆ ಅಂಟಿಸಿದರೆ ದಾಖಲೆ ವಾಪಸ್ ಬರುತ್ತದೆ.

ಮಹಡಿ, ಮೂಲೆ ಬರೆಯುವ ಕಾಲಮ್ಮು ಹಳೆ ಪರದೆಗಳಲ್ಲಿ ಬಹಳ ಕಡೆ 20 ಅಕ್ಷರಕ್ಕೆ ಕತ್ತರಿಸಿ ಕಾಣುತ್ತದೆ. ಹಾಗಾಗಿ ಕಂಪನಿಯ ಹೆಸರು, ವಿಭಾಗದ ಹೆಸರು ಅಲ್ಲಿ ಬೇಡ. ಮಹಡಿ ಮೊದಲು, ದಿಕ್ಕು ಆಮೇಲೆ, ಕೋಣೆ ಕೊನೆಗೆ. “ಮಾರ್ಕೆಟಿಂಗ್ ವಿಂಗ್” ಅಂದರೆ ಅಗ್ನಿಶಾಮಕದವರಿಗೆ ಏನು ಗೊತ್ತು? ಮೆಟ್ಟಿಲ ಬಾಗಿಲ ಮೇಲೆ ಬರೆದಿರುವ ಗುರುತು ಯಾವುದೋ ಅದೇ ದಾಖಲೆಯಲ್ಲಿರಲಿ. ಕಾನ್ಫರೆನ್ಸ್ ಕೋಣೆಗಳಿಗೆ ನದಿ, ಬೆಟ್ಟದ ಹೆಸರಿಡುವ ಚಾಳಿ ಕಂಪನಿಗಳಿಗಿದೆ. ಅದೂ ಹೊರಗಿನವರಿಗೆ ಅರ್ಥವಾಗುವುದಿಲ್ಲ.

ಟೀಮ್ಸ್ ಭಾಗಕ್ಕೆ: ಮೊದಲು ಹೊರಗೆ ಕಾಣುವ ಪಬ್ಲಿಕ್ ಐಪಿಗಳನ್ನು ಟ್ರಸ್ಟೆಡ್ ಐಪಿ ಪಟ್ಟಿಗೆ ಸೇರಿಸಿ. ಇದನ್ನು ಬಿಟ್ಟರೆ ಒಳಗೆ ಎಷ್ಟೇ ಸಬ್‌ನೆಟ್ ತುಂಬಿದರೂ ಕ್ಲೈಂಟ್ ಸ್ಥಳ ಹುಡುಕುವುದೇ ಇಲ್ಲ. ಆಮೇಲೆ ಸಬ್‌ನೆಟ್, ವೈಫೈ ಆಕ್ಸೆಸ್ ಪಾಯಿಂಟ್, ಸ್ವಿಚ್, ಪೋರ್ಟ್ ನಾಲ್ಕರಲ್ಲಿ ನಿಮಗೆ ಬೇಕಾದದ್ದು. ಇಲಿನಾಯ್‌ನ ಮೂರೂ ಮಹಡಿಗೆ ಸೇರಿ ಒಂದೇ ದೊಡ್ಡ ಸಬ್‌ನೆಟ್ ಇದ್ದರೆ ಮಹಡಿ ಗೊತ್ತಾಗುವುದಿಲ್ಲ, ಒಡೆಯಿರಿ ಅಥವಾ ಆಕ್ಸೆಸ್ ಪಾಯಿಂಟ್ ಮಟ್ಟಕ್ಕೆ ಹೋಗಿ. ಒಂದು ಆಕ್ಸೆಸ್ ಪಾಯಿಂಟ್‌ಗೆ ಒಂದೇ ಬಿಎಸ್‌ಎಸ್‌ಐಡಿ (ವೈಫೈ ಸಿಗ್ನಲಿನ ಗುರುತು ಸಂಖ್ಯೆ) ಇರುವುದಿಲ್ಲ, ಪ್ರತಿ ರೇಡಿಯೋ ಮತ್ತು ಪ್ರತಿ ವೈಫೈ ಹೆಸರಿಗೆ ಒಂದೊಂದು. ಕೊನೆಯ ಅಂಕಿಯ ಜಾಗದಲ್ಲಿ ನಕ್ಷತ್ರ ಚಿಹ್ನೆ ಬಳಸಿದರೆ ಪಟ್ಟಿ ಚಿಕ್ಕದಾಗುತ್ತದೆ.

ಮನೆಯಿಂದ ಕೆಲಸ ಮಾಡುವವರಲ್ಲಿ ವಿಪಿಎನ್ ನೋಡಿ. ಎಲ್ಲ ಟ್ರಾಫಿಕ್ ವಿಪಿಎನ್ ಒಳಗೆ ಹೋಗುವ ಹಾಗಿದ್ದರೆ ಹೊರಗಿನ ಐಪಿ ಡಾಲಸ್‌ದು. ಅದರ ಮೇಲೆ ವಿಪಿಎನ್ ಸಬ್‌ನೆಟ್‌ಗೂ ಯಾರೋ ಆಫೀಸಿನ ವಿಳಾಸ ಕೊಟ್ಟಿದ್ದರೆ, ಮಿನೆಸೋಟದ ಮನೆಯಲ್ಲಿ ಎದೆನೋವು ಬಂದವರಿಗೆ ಆಂಬುಲೆನ್ಸ್ ಡಾಲಸ್ ಆಫೀಸಿಗೆ ಹೋಗುತ್ತದೆ. ಟೀಮ್ಸ್ ಟ್ರಾಫಿಕ್ ಅನ್ನು ವಿಪಿಎನ್‌ನಿಂದ ಹೊರಗಿಡಿ, ವಿಪಿಎನ್ ಸಬ್‌ನೆಟ್‌ಗೆ ವಿಳಾಸ ಕಟ್ಟಬೇಡಿ. ಬಳಕೆದಾರರು ತಮ್ಮ ಮನೆ ವಿಳಾಸ ದೃಢೀಕರಿಸದಿದ್ದರೆ ಕರೆ ಮೊದಲು ರಾಷ್ಟ್ರೀಯ ಕಾಲ್ ಸೆಂಟರಿಗೆ ಹೋಗುತ್ತದೆ, ಅವರು ಬಾಯಿಮಾತಿನಲ್ಲಿ ವಿಳಾಸ ಕೇಳಿ ಸರಿಯಾದ ಪಿಎಸ್‌ಎಪಿಗೆ ದಾಟಿಸುತ್ತಾರೆ. ಮಾತಾಡಲಾಗದ ಸ್ಥಿತಿಯಲ್ಲಿ ಇರುವವರಿಗೆ ಈ ದಾರಿ ಪ್ರಯೋಜನವಿಲ್ಲ.

---

ಆರುಫೋನ್ ಕೇಳಿದ್ದು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಟೆಕ್ಸಸ್‌ನಲ್ಲಿ ಒಂದು ಸಂಘದ ಹಾಲ್, ಫ್ರೀಪಿಬಿಎಕ್ಸ್ ಅನ್ನುವ ಪಿಬಿಎಕ್ಸ್ ತಂತ್ರಾಂಶ, ಬರೀ 6 ಫೋನು. ಇಷ್ಟು ಚಿಕ್ಕದಕ್ಕೂ ಇದೆಲ್ಲ ಬೇಕಾ?

---

ಡಯಲ್‌ಟೋನ್ ಉತ್ತರ:

ಬೇಕು. ಕೇಂದ್ರದ ವ್ಯಾಖ್ಯೆಯಲ್ಲಿ ಕನಿಷ್ಠ ಫೋನುಗಳ ಸಂಖ್ಯೆ ಅಂತ ಏನೂ ಇಲ್ಲ. ಆದರೆ ನಿಮ್ಮ ಕೆಲಸ ಅರ್ಧ ದಿನದ್ದು.

ಔಟ್‌ಬೌಂಡ್ ರೂಟ್ ಒಂದನ್ನು ಹೊಸದಾಗಿ ಮಾಡಿ, ಎಮರ್ಜೆನ್ಸಿ ಅನ್ನುವ ಆಯ್ಕೆ ಹೌದು ಮಾಡಿ, ಪ್ಯಾಟರ್ನ್ 911, 9911, 933 (ಕೊನೆಯದು ನೋಂದಾಯಿತ ವಿಳಾಸ ಪರೀಕ್ಷಿಸುವ ನಂಬರ್). 9911 ಸಾಲಿನಲ್ಲಿ ಮೊದಲ 9 ಅನ್ನು ಪ್ರಿಫಿಕ್ಸ್ ಕಾಲಮ್ಮಿಗೆ ಹಾಕಿ ಕಳಚಿಸಿ. ಈ ರೂಟ್ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿರಬೇಕು. ಪ್ರತಿ ಎಕ್ಸ್‌ಟೆನ್ಷನ್‌ನಲ್ಲಿ ಎಮರ್ಜೆನ್ಸಿ ಕಾಲರ್ ಐಡಿ ಅಂತ ಒಂದು ಜಾಗ ಇದೆ, ಅಲ್ಲಿ ಹಾಲ್‌ನ ವಿಳಾಸಕ್ಕೆ ನೋಂದಾಯಿಸಿದ ನಂಬರ್ ಹಾಕಿ. ರೂಟ್‌ಗೆ ಎಮರ್ಜೆನ್ಸಿ ಗುರುತು ಇಲ್ಲದಿದ್ದರೆ ಆ ಜಾಗದಲ್ಲಿ ಬರೆದದ್ದು ಬಳಕೆಗೇ ಬರುವುದಿಲ್ಲ.

ನಂಬರ್ ಕೊಂಡರೆ ವಿಳಾಸ ತಾನಾಗಿ ನೋಂದಣಿಯಾಗುವುದಿಲ್ಲ. ಬಹಳಷ್ಟು ಸೇವಾದಾರರಲ್ಲಿ ಇ911 (911ಕ್ಕೆ ವಿಳಾಸವನ್ನೂ ಕಳಿಸುವ ಸೇವೆ) ಅನ್ನುವುದು ಬೇರೆ ಆಯ್ಕೆ, ನಂಬರಿಗೆ ಇಷ್ಟು ಅಂತ ತಿಂಗಳ ಶುಲ್ಕ. ಹಾಲ್ ಬಾಡಿಗೆ ಬದಲಾದರೆ ವಿಳಾಸ ಬದಲಿಸುವವರು ಯಾರು ಅಂತ ಸಮಿತಿಯಲ್ಲಿ ಹೆಸರು ಗೊತ್ತಿರಲಿ. ಕರೆಂಟ್ ಹೋದರೆ ಪಿಬಿಎಕ್ಸ್, ಸ್ವಿಚ್, ಮೋಡೆಮ್ ಮೂರೂ ಯುಪಿಎಸ್ ಮೇಲಿರಬೇಕು. ಮೋಡೆಮ್ ಮರೆಯುವವರೇ ಜಾಸ್ತಿ.

---

ರೂಟ್‌ಪ್ಯಾಟರ್ನ್ ಉತ್ತರ:

ಬಹಳ ಉಪಕಾರ. ಎರಡು ವಿಷಯ ಉಳಿದಿವೆ. ಯಾರಾದರೂ 911 ಒತ್ತಿದಾಗ ಕಂಪನಿಯೊಳಗೆ ಹೋಗಬೇಕಾದ ಎಚ್ಚರಿಕೆ, ಅಂದರೆ ನೋಟಿಫಿಕೇಶನ್, ಯಾರಿಗೆ ಹೋಗಬೇಕು, ರಾತ್ರಿ ಆಫೀಸಿನಲ್ಲಿ ಯಾರೂ ಇರುವುದಿಲ್ಲವಲ್ಲ? ಮತ್ತೆ ನಮ್ಮ ಬೆಂಗಳೂರು ಡೆಸ್ಕಿನವರೂ ಅದೇ ಟೆನೆಂಟ್‌ನಲ್ಲಿ (ಕಂಪನಿಯ ಟೀಮ್ಸ್ ಖಾತೆ) ಅಮೆರಿಕದ ನಂಬರ್ ಇಟ್ಟುಕೊಂಡಿದ್ದಾರೆ, ಅವರದೇನು?

---

ತಂತಿಮಾರ್ಗ ಉತ್ತರ:

ನೋಟಿಫಿಕೇಶನ್‌ಗಾಗಿ ರಾತ್ರಿಪಾಳಿಗೆ ಆಳು ಇಡಿ ಅಂತ ಕಾನೂನು ಹೇಳುವುದಿಲ್ಲ. ಯಾರಾದರೂ ನೋಡುವ ಅಥವಾ ಕೇಳುವ ಸಾಧ್ಯತೆಯಿರುವ ಜಾಗಕ್ಕೆ ಹೋಗಬೇಕು, ಆ ಜಾಗ ಕಟ್ಟಡದ ಹೊರಗಿದ್ದರೂ ಆಗುತ್ತದೆ. ಕರೆಯ ಜೊತೆಜೊತೆಗೇ ಹೋಗಬೇಕು, ಕರೆಯನ್ನು ತಡೆದು ನಿಲ್ಲಿಸಬಾರದು. 911 ಕರೆ ಹೋಯಿತು ಅನ್ನುವುದು, ವಾಪಸ್ ನಂಬರ್, ಪಿಎಸ್‌ಎಪಿಗೆ ಕಳಿಸಿದ ಸ್ಥಳಮಾಹಿತಿ, ಈ ಮೂರು ಇರಬೇಕು. ಕೊನೆಯ ಎರಡಕ್ಕೆ ತಾಂತ್ರಿಕವಾಗಿ ಆಗದಿದ್ದರೆ ರಿಯಾಯಿತಿ ಇದೆ.

ಇಮೇಲ್ ಒಂದನ್ನೇ ನಂಬಬೇಡಿ. ಹಗಲಲ್ಲಿ ರಿಸೆಪ್ಷನ್ ಪರದೆ, ಜೊತೆಗೆ ಸೆಕ್ಯೂರಿಟಿ ಮತ್ತು ಫೆಸಿಲಿಟಿ ಗುಂಪಿಗೆ ಎಸ್‌ಎಂಎಸ್. ವ್ಯಕ್ತಿಯ ವಿಳಾಸ ಬೇಡ, ಗುಂಪಿನ ವಿಳಾಸ ಹಾಕಿ. ಕೆಲಸ ಬಿಟ್ಟುಹೋದವರ ಮೇಲ್‌ಬಾಕ್ಸ್‌ಗೆ ವರ್ಷಗಟ್ಟಲೆ ಎಚ್ಚರಿಕೆ ಹೋಗುತ್ತಿರುವ ಸೆಟಪ್‌ಗಳು ಬೇಕಾದಷ್ಟಿವೆ. ಟೀಮ್ಸ್‌ನಲ್ಲಿ ಸೆಕ್ಯೂರಿಟಿಯವರನ್ನು ಕರೆಯೊಳಗೇ ಸೇರಿಸುವ ಆಯ್ಕೆಯೂ ಇದೆ. ಸೇರಿಸುವುದಾದರೆ ಮ್ಯೂಟ್ ಮಾಡಿ ಸೇರಿಸಿ. ಡಿಸ್ಪ್ಯಾಚರ್ ಕೇಳುವ ಪ್ರಶ್ನೆಗೆ ಇಬ್ಬರು ಒಟ್ಟಿಗೆ ಉತ್ತರ ಕೊಡತೊಡಗಿದರೆ ಗಲಿಬಿಲಿ.

ಬೆಂಗಳೂರಿನವರ ಮಟ್ಟಿಗೆ: ಅಮೆರಿಕದ ನಂಬರಿನ ಸಾಫ್ಟ್‌ಫೋನಿಂದ 911 ಹೋದರೆ ಎತ್ತುವವರು ಅಮೆರಿಕದಲ್ಲಿ ಕೂತಿರುತ್ತಾರೆ, ಇಲ್ಲಿಗೆ ಯಾರನ್ನೂ ಕಳಿಸಲಾರರು. ಅವರಿಗೆ ಪ್ರತ್ಯೇಕ ಎಮರ್ಜೆನ್ಸಿ ಪಾಲಿಸಿ ಮಾಡಿ, ಅಮೆರಿಕದ ಯಾವ ವಿಳಾಸವೂ ಅವರ ಹೆಸರಿಗೆ ಅಂಟಿರಬಾರದು. ಸ್ಥಳೀಯ ಲೈನ್ ಇಲ್ಲದ ಮೇಜಿಂದ 112ಕ್ಕೂ ದಾರಿಯಿಲ್ಲ. ಪ್ರತಿ ಸಾಲಿನಲ್ಲೂ “ತುರ್ತಿಗೆ ಮೊಬೈಲಿಂದ 112” ಅಂತ ಚೀಟಿ ಅಂಟಿಸಿ.

---

ಮಹಡಿಮೂಲೆ ಉತ್ತರ:

ಪರೀಕ್ಷೆಯ ಕ್ರಮ ಹೇಳಿಬಿಡುತ್ತೇನೆ. ಮೊದಲು 933. ಬಹಳಷ್ಟು ವಿಒಐಪಿ ಕ್ಯಾರಿಯರ್‌ಗಳಲ್ಲಿ, ಟೀಮ್ಸ್‌ನಲ್ಲೂ, ಅದಕ್ಕೆ ಕರೆ ಮಾಡಿದರೆ ನಿಮ್ಮ ನಂಬರ್ ಮತ್ತು ನೋಂದಾಯಿತ ವಿಳಾಸವನ್ನು ಯಂತ್ರ ಓದಿ ಹೇಳುತ್ತದೆ. ಪ್ರತಿ ಮಹಡಿಯ ಎರಡು ತುದಿಯಿಂದ, ತಂತಿ ಫೋನು, ವೈಫೈ, ಲಾಗ್‌ಔಟ್ ಫೋನು, ಎಲ್ಲದರಿಂದಲೂ ಮಾಡಿಸಿ. 933 ದಾಖಲೆಯನ್ನಷ್ಟೇ ತೋರಿಸುತ್ತದೆ, ಕರೆ ಯಾವ ಪಿಎಸ್‌ಎಪಿಗೆ ಇಳಿಯುತ್ತದೆ ಅನ್ನುವುದನ್ನಲ್ಲ.

ಅದಕ್ಕೆ ನಿಜವಾದ 911 ಕರೆಯೇ ಬೇಕು. ಆಯಾ ಪಿಎಸ್‌ಎಪಿಯ ತುರ್ತಲ್ಲದ ನಂಬರಿಗೆ ಮೊದಲೇ ಫೋನ್ ಮಾಡಿ ಸಮಯ ಗೊತ್ತುಮಾಡಿಕೊಳ್ಳಿ. ಕೆಲವು ಕಡೆ ನಸುಕಿಗೆ ಬನ್ನಿ ಅನ್ನುತ್ತಾರೆ, ಒಪ್ಪಿಕೊಳ್ಳಿ. ಕರೆ ಎತ್ತಿದ ಕೂಡಲೇ ಮೊದಲ ವಾಕ್ಯ “ಇದು ಟೆಸ್ಟ್ ಕರೆ, ತುರ್ತು ಇಲ್ಲ”. ಅವರು ಬೇರೆ ಕರೆಯಲ್ಲಿದ್ದರೆ ಕಾಯಿರಿ. ಪರದೆಯಲ್ಲಿ ಕಾಣುವ ನಂಬರ್, ಬೀದಿ, ಮಹಡಿಯ ಸಾಲನ್ನು ಅಕ್ಷರಶಃ ಓದಲು ಕೇಳಿ ಬರೆದುಕೊಳ್ಳಿ. ಕೊನೆಗೆ ಅದೇ ನಂಬರಿಗೆ ಅವರಿಂದಲೇ ವಾಪಸ್ ಕರೆ ಮಾಡಿಸಿ.

ಸೈಟ್ ಸ್ಥಳಾಂತರ, ಟ್ರಂಕ್ ಬದಲಾವಣೆ, ಸ್ವಿಚ್ ಬದಲಾವಣೆ ಆದಾಗಲೆಲ್ಲ ಇದು ಮತ್ತೆ. ಚೇಂಜ್ ಟಿಕೆಟ್‌ನ ಫಾರ್ಮ್‌ನಲ್ಲೇ “911 ಪರೀಕ್ಷೆ ಆಯಿತೇ” ಅನ್ನುವ ಕಾಲಮ್ಮು ಸೇರಿಸಿ, ಅದು ತುಂಬದೆ ಟಿಕೆಟ್ ಮುಚ್ಚಲು ಬಿಡಬೇಡಿ.